ಹರಿಗೋಲಿನಲ್ಲಿ ಹಂಪಿ: ವರ್ತಕರ ಲೆಕ್ಕದಲ್ಲಿ ಒಂದು ನದಿವಿಹಾರ

ಅದಿರು ಅಥವಾ ಯಂತ್ರೋಪಕರಣಗಳ ವ್ಯವಹಾರಕ್ಕಾಗಿ ಸಂಡೂರಿಗೆ ಬರುವ ಪರಸ್ಥಳದ ವ್ಯಾಪಾರಿಗಳನ್ನು, ಮಾತುಕತೆ ಮುಗಿದ ಮೇಲೆ ಹಂಪಿಗೆ ಕರೆದೊಯ್ಯುವ ರೂಢಿ ಉಂಟು. ವಿರೂಪಾಕ್ಷನ ದರ್ಶನ, ಕಲ್ಲಿನ ರಥದ ಮುಂದೆ ಒಂದು ಛಾಯಾಚಿತ್ರ, ಹೊಸಪೇಟೆಯಲ್ಲಿ ಊಟ. ಇಷ್ಟಕ್ಕೆ ದಿನ ಸಂದುಹೋಗುತ್ತದೆ. ಅದೇ ದಿನದಲ್ಲಿ ಒಂದು ಗಂಟೆಯನ್ನು ತುಂಗಭದ್ರೆಯ ಹರಿಗೋಲಿಗೆ ಮೀಸಲಿಟ್ಟರೆ ನಷ್ಟವೇನೂ ಇಲ್ಲ.

ಹಂಪಿಯ ಕೆಲವು ನೋಟಗಳು ನದಿಗೆ ಮುಖ ಮಾಡಿಯೇ ಇವೆ. ಚಕ್ರತೀರ್ಥದ ಸಮೀಪದ ಬಂಡೆಯಲ್ಲಿ ಕೊರೆದ ಕೋಟಿಲಿಂಗದ ಸಾಲುಗಳು, ದಡದ ಕೋದಂಡರಾಮ ದೇಗುಲ, ಪುರಂದರ ಮಂಟಪ, ಅದರ ಬಳಿ ಇಂದಿಗೂ ನಿಂತಿರುವ ಹಳೆಯ ಸೇತುವೆಯ ಕಲ್ಲುಕಂಬಗಳು, ಇವುಗಳ ಪೂರ್ಣ ಸ್ವರೂಪ ತಿಳಿಯುವುದು ನೀರಿನ ಮಟ್ಟದಿಂದಲೇ. ಕಾರಿನಲ್ಲಿ ಬಂದು ಹೋಗುವವರಿಗೆ ಇದು ದಕ್ಕದು.

ಹರಿಗೋಲಿಗೆ ವಾಣಿಜ್ಯದ ಇತಿಹಾಸವೂ ಇದೆ. 16ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳು 15-20 ಜನರನ್ನು ಹೊರುತ್ತಿದ್ದುದನ್ನೂ, ಅಗತ್ಯ ಬಿದ್ದರೆ ಕುದುರೆ-ಎತ್ತುಗಳನ್ನೂ ದಾಟಿಸಬಲ್ಲವಾಗಿದ್ದುದನ್ನೂ ದಾಖಲಿಸಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಮಾತ್ರ ಅದೇ. ಡೀಸೆಲ್ ಇಲ್ಲ, ಯಂತ್ರವಿಲ್ಲ. ತೆತ್ತ ಬಾಡಿಗೆಯ ಬಹುಪಾಲು ಅಂಬಿಗನ ದುಡಿಮೆಗೇ ಸಲ್ಲುವ ವಿರಳ ಉದ್ಯಮವಿದು. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತನ್ನ ಕಡಲಕೊಲ್ಲಿಗಳಲ್ಲಿ ಹೊಗೆಯುಗುಳುವ ಪ್ರವಾಸಿ ಹಡಗುಗಳನ್ನು ನಿಲ್ಲಿಸಬೇಕೆಂದು ನಾರ್ವೆಯ ಸಂಸತ್ತು ನಿರ್ಣಯಿಸಿದ್ದು 2018ರಲ್ಲಿ. 1986ರಲ್ಲಿಯೇ ಆ ಪಟ್ಟಿಗೆ ಸೇರಿದ ಹಂಪಿಯ ಹರಿಗೋಲಿಗೆ ಅಂತಹ ನಿರ್ಣಯದ ಅಗತ್ಯವೇ ಬೀಳಲಿಲ್ಲ!

ಲೆಕ್ಕಪತ್ರದ ಮಾತು. ಗ್ರಾಹಕರನ್ನು ಕರೆದೊಯ್ದ ವೆಚ್ಚವು ಸಂಪೂರ್ಣವಾಗಿ ವ್ಯವಹಾರಕ್ಕೆ ಸಂಬಂಧಿಸಿದ್ದಾದರೆ ಮಾತ್ರ ವ್ಯವಹಾರದ ಖರ್ಚೆನಿಸುತ್ತದೆ. ರಸೀದಿ ದೊರೆಯದಿದ್ದಲ್ಲಿ ಸಂಸ್ಥೆಯ ವೋಚರಿನಲ್ಲಿಯೇ ದಿನಾಂಕ, ಅತಿಥಿಯ ಹೆಸರು, ಅವರ ಸಂಸ್ಥೆ, ಭೇಟಿಯ ಉದ್ದೇಶವನ್ನು ಬರೆದು, ಹಣ ಪಡೆದವರ ಸಹಿ ಪಡೆಯುವುದು ಕ್ಷೇಮ. ಮಾಲೀಕರ ಮನೆಮಂದಿಯ ವಿಹಾರವನ್ನು ಇದರೊಳಗೆ ತೂರಿಸುವ ಅಭ್ಯಾಸವಿರುವವರು ಆ ಮೊತ್ತವನ್ನು ಸ್ವಂತ ಖಾತೆಗೆ ಬರೆದುಕೊಳ್ಳತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಮಟ್ಟ. ಹಂಪಿಯ ಬಳಿ ನದಿ ಎಷ್ಟು ಹರಿಯಬೇಕೆಂಬುದನ್ನು ನಿರ್ಧರಿಸುವುದು ಮೇಲಿರುವ ತುಂಗಭದ್ರಾ ಜಲಾಶಯ. ಮಳೆಗಾಲದಲ್ಲಿ ಹೊರಹರಿವು ಹೆಚ್ಚಿದಾಗ ಪುರಂದರ ಮಂಟಪವೇ ಮುಳುಗುತ್ತದೆ, ಹರಿಗೋಲುಗಳು ದಡ ಸೇರುತ್ತವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ಜಿಲ್ಲೆಯ ವರ್ತಕರು ಮರೆತಿರಲಾರರು. ಆದ್ದರಿಂದ ಸಂಡೂರಿನಿಂದ ಹೊರಡುವ ಮುನ್ನವೇ ಹೊರಹರಿವನ್ನು ವಿಚಾರಿಸಿಕೊಳ್ಳಬೇಕು. ಬಾಡಿಗೆಯನ್ನು ದಡದಲ್ಲಿಯೇ ನಿಶ್ಚಯಿಸಿಕೊಂಡು, ಜೀವರಕ್ಷಕ ಜಾಕೆಟ್ ಇಲ್ಲದ ಅಥವಾ ಮಿತಿಮೀರಿ ಜನ ತುಂಬಿದ ಹರಿಗೋಲನ್ನು, ಅತಿಥಿ ಎಷ್ಟೇ ಅವಸರಪಡಿಸಿದರೂ, ಹತ್ತಕೂಡದು.