ರೊಟಾಲಾ ಮ್ಯಾಕ್ರಾಂಡ್ರಾ: ಮನೆಯ ಮೀನುತೊಟ್ಟಿಯಲ್ಲಿ ಕೆಂಪು ಜಲಸಸ್ಯದ ಪಾಲನೆ

(ಅಲಂಕಾರಿಕ ಮೀನು ಸಾಕಣೆಯಲ್ಲಿ ಆಸಕ್ತಿಯುಳ್ಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮೀನುತೊಟ್ಟಿಯಲ್ಲಿ ಬೆಳೆಸಲಾಗುವ ಜೀವಂತ ಸಸ್ಯಗಳ ಪೈಕಿ ರೊಟಾಲಾ ಮ್ಯಾಕ್ರಾಂಡ್ರಾ ಅತ್ಯಂತ ಆಕರ್ಷಕವೂ ಅಷ್ಟೇ ಸೂಕ್ಷ್ಮವೂ ಆದ ಸಸ್ಯವಾಗಿದೆ. ಇದನ್ನು ಕೊಂಡು ತಂದ ಕೆಲವೇ ವಾರಗಳಲ್ಲಿ ಎಲೆ ಉದುರಿ, ಕಾಂಡ ಕೊಳೆತು ನಾಶವಾಗುವುದುಂಟು. ಇಂತಹ ನಷ್ಟಕ್ಕೆ ಗಡಸು ನೀರು ಒಂದು ಮುಖ್ಯ ಕಾರಣ. ಆದುದರಿಂದ ದೀಪ, ಅನಿಲದ ಸಿಲಿಂಡರ್, ಗೊಬ್ಬರ ಮುಂತಾದವುಗಳಿಗೆ ಹಣ ವ್ಯಯಿಸುವ ಮುನ್ನ ಮನೆಯ ನೀರಿನ ಗುಣವನ್ನು ತಿಳಿದುಕೊಳ್ಳುವುದು ಅವಶ್ಯಕ.

2. ಸಸ್ಯದ ಪರಿಚಯ

ದಕ್ಷಿಣ ಭಾರತ ಮೂಲದ ಈ ಸಸ್ಯವನ್ನು 1880ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಕೋನೆ ಅವರು ವಿವರಿಸಿ ಹೆಸರಿಸಿದರು. ದಾಳಿಂಬೆ, ಮದರಂಗಿ ಹಾಗೂ ಹೊಳೆ ದಾಸವಾಳ ಸೇರಿರುವ ಲಿತ್ರೇಸಿಯೆ ಕುಟುಂಬಕ್ಕೆ ಇದೂ ಸೇರಿದೆ. ಇದು ನೀರಿನ ಹೊರಗೂ ಒಳಗೂ ಬೆಳೆಯಬಲ್ಲದು. ಹೊರಗೆ ಬೆಳೆದಾಗ ಎಲೆಗಳು ಚಿಕ್ಕದಾಗಿ, ಹಸಿರಾಗಿರುತ್ತವೆ. ನೀರಿನೊಳಗೆ ಎಲೆಗಳು ದೊಡ್ಡದಾಗಿ, ತೆಳುವಾಗಿ, ಅಂಚು ಅಲೆಯಲೆಯಾಗಿ, ಗುಲಾಬಿಯಿಂದ ಕಡುಗೆಂಪು ಬಣ್ಣ ತಳೆಯುತ್ತವೆ.

ನರ್ಸರಿಗಳಲ್ಲಿ ಇದನ್ನು ನೀರಿನ ಹೊರಗೆ ಬೆಳೆಸಿ ಮಾರುವುದುಂಟು. ಅಂತಹ ಗಿಡವನ್ನು ತೊಟ್ಟಿಯಲ್ಲಿ ಮುಳುಗಿಸಿದಾಗ ಹಳೆಯ ಎಲೆಗಳು ಉದುರುವುದು ಸಹಜ. ತುದಿಯಲ್ಲಿ ಹೊಸ ಚಿಗುರು ಬರುತ್ತಿದ್ದಲ್ಲಿ ಗಿಡವನ್ನು ಕಿತ್ತುಹಾಕಬಾರದು.

3. ನೀರು

ಈ ಸಸ್ಯಕ್ಕೆ ಮೃದು ಹಾಗೂ ತುಸು ಆಮ್ಲೀಯ ನೀರು ಸೂಕ್ತ. ಪಿ.ಎಚ್. ಮೌಲ್ಯ 6ರಿಂದ 7ರ ನಡುವೆ ಹಾಗೂ ಒಟ್ಟು ಗಡಸುತನ ಪ್ರತಿ ಲೀಟರಿಗೆ 100 ಮಿ.ಗ್ರಾಂ.ಗಿಂತ ಕಡಿಮೆ ಇರುವುದು ಉತ್ತಮ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ 200 ಮಿ.ಗ್ರಾಂ. ಸ್ವೀಕಾರಾರ್ಹ ಮಿತಿಯಾಗಿದ್ದು, ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿ.ಗ್ರಾಂ.ವರೆಗೆ ಅನುಮತಿ ಇದೆ. ಅಂದರೆ ಮನೆಮಂದಿ ಕುಡಿಯಲು ಯೋಗ್ಯವಾದ ನೀರು ಈ ಗಿಡಕ್ಕೆ ಯೋಗ್ಯವಾಗಿರಬೇಕೆಂದಿಲ್ಲ.

ರಾಜ್ಯದ ಅನೇಕ ಕಡೆ ಕೊಳವೆಬಾವಿ ನೀರು ಗಡಸಾಗಿರುತ್ತದೆ. ಪಾತ್ರೆಗಳ ಮೇಲೆ ಬಿಳಿಯ ಪದರ ಕಟ್ಟುವುದು, ಸಾಬೂನು ನೊರೆ ಬಾರದಿರುವುದು ಇದರ ಗುರುತುಗಳು. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ಕಿಟ್‌ನಿಂದ ಅಥವಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಗಡಸುತನವನ್ನು ಅಳೆಯಬಹುದಾಗಿದೆ. ನೀರು ಗಡಸಾಗಿದ್ದಲ್ಲಿ ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು:

(ಅ) ಆರ್.ಓ. ಯಂತ್ರದ ಶುದ್ಧೀಕರಿಸಿದ ನೀರನ್ನು ಬೆರೆಸುವುದು. ಉದಾಹರಣೆಗೆ, 300 ಮಿ.ಗ್ರಾಂ. ಗಡಸುತನದ ಒಂದು ಪಾಲು ನೀರಿಗೆ ಮೂರು ಪಾಲು ಆರ್.ಓ. ನೀರು ಸೇರಿಸಿದಲ್ಲಿ ಗಡಸುತನ ಸುಮಾರು 75 ಮಿ.ಗ್ರಾಂ.ಗೆ ಇಳಿಯುತ್ತದೆ.

(ಆ) ಮೊದಲ ಕೆಲವು ಮಳೆಗಳ ನೀರನ್ನು ಹೊರಬಿಟ್ಟು, ಆನಂತರದ ಶುಭ್ರ ಮಳೆನೀರನ್ನು ಸಂಗ್ರಹಿಸಿ ಇದೇ ರೀತಿ ಬೆರೆಸುವುದು.

(ಇ) ಉಪ್ಪು ಬಳಸುವ ಮನೆಬಳಕೆಯ ವಾಟರ್ ಸಾಫ್ಟನರ್ ನೀರನ್ನು ಬಳಸದಿರುವುದು. ಅದರಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿರುತ್ತದೆಯೇ ಹೊರತು ಲವಣಾಂಶ ಕಡಿಮೆಯಾಗಿರುವುದಿಲ್ಲ.

ನಲ್ಲಿ ನೀರಿನಲ್ಲಿರುವ ಕ್ಲೋರಿನ್ ನಿವಾರಣೆಗೆ ನೀರನ್ನು ಅಗಲವಾದ ಪಾತ್ರೆಯಲ್ಲಿ 24 ಗಂಟೆ ತೆರೆದಿಡಬೇಕು. ವಾರಕ್ಕೊಮ್ಮೆ ತೊಟ್ಟಿಯ ನೀರಿನ ಮೂರನೇ ಒಂದು ಭಾಗವನ್ನು ಬದಲಿಸುವುದು ಸೂಕ್ತ.

4. ತಳಹಾಸು ಮತ್ತು ನಾಟಿ

ತಳದಲ್ಲಿ 2ರಿಂದ 3 ಮಿ.ಮೀ. ಗಾತ್ರದ ಜಲ್ಲಿಯನ್ನು 5 ಸೆಂ.ಮೀ. ದಪ್ಪಕ್ಕೆ ಹರಡಬೇಕು. ಅಮೃತಶಿಲೆಯ ಚೂರು, ಹವಳದ ಮರಳು, ಕಪ್ಪೆಚಿಪ್ಪುಗಳು ಸುಣ್ಣವನ್ನು ಬಿಟ್ಟು ನೀರನ್ನು ಮತ್ತೆ ಗಡಸಾಗಿಸುತ್ತವೆ. ಜಲ್ಲಿಯ ಮೇಲೆ ಕೆಲವು ಹನಿ ವಿನೆಗರ್ ಹಾಕಿದಾಗ ಗುಳ್ಳೆ ಬಂದಲ್ಲಿ ಅದರಲ್ಲಿ ಸುಣ್ಣವಿದೆಯೆಂದು ತಿಳಿಯತಕ್ಕದ್ದು.

ಸಸ್ಯದ ಕಾಂಡ ಅತಿ ಮೃದುವಾಗಿದ್ದು, ಜಜ್ಜಿದ ಭಾಗದಿಂದಲೇ ಕೊಳೆಯಲಾರಂಭಿಸುತ್ತದೆ. ಆದುದರಿಂದ ಕಟ್ಟನ್ನು ಬಿಚ್ಚಿ, ಕೆಳಗಿನ ಎಲೆಗಳನ್ನು ಹರಿತವಾದ ಕತ್ತರಿಯಿಂದ ತೆಗೆದು, ಒಂದೊಂದೇ ಕಾಂಡವನ್ನು 2ರಿಂದ 3 ಸೆಂ.ಮೀ. ಅಂತರದಲ್ಲಿ ನೆಡಬೇಕು. ಒತ್ತಾಗಿ ನೆಟ್ಟಲ್ಲಿ ಬುಡಕ್ಕೆ ಬೆಳಕು ತಲುಪದೆ ಎಲೆಗಳು ಉದುರುತ್ತವೆ.

5. ಬೆಳಕು, ಅನಿಲ ಮತ್ತು ಪೋಷಕಾಂಶ

ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಬೆಳಕು ಹೆಚ್ಚಿದಂತೆ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಮತ್ತು ಪೋಷಕಾಂಶಗಳ ಅಗತ್ಯವೂ ಹೆಚ್ಚುತ್ತದೆ. ಅವು ದೊರೆಯದಿದ್ದಲ್ಲಿ ಹೆಚ್ಚುವರಿ ಬೆಳಕಿನ ಪ್ರಯೋಜನವನ್ನು ಪಾಚಿ ಪಡೆಯುತ್ತದೆ. ಕೆಂಪು ಬಣ್ಣ ಬರಲೆಂದು ದೀಪವನ್ನು ಮಾತ್ರ ಹೆಚ್ಚಿಸುವುದು ಸರಿಯಾದ ಕ್ರಮವಲ್ಲ.

ಬೆಳಕು: ಪ್ರಖರವಾದ ಎಲ್.ಇ.ಡಿ. ದೀಪ ಅಗತ್ಯ. ಆರಂಭದಲ್ಲಿ ದಿನಕ್ಕೆ 6 ಗಂಟೆ, ಗಿಡ ಬೇರೂರಿದ ನಂತರ 8 ಗಂಟೆಯವರೆಗೆ ಉರಿಸಬಹುದು. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ತೊಟ್ಟಿಯನ್ನು ಇಡಬಾರದು.

ಇಂಗಾಲದ ಡೈಆಕ್ಸೈಡ್: ಪ್ರತಿ ಲೀಟರಿಗೆ 20ರಿಂದ 30 ಮಿ.ಗ್ರಾಂ. ಪ್ರಮಾಣ ಸೂಕ್ತ. ದೀಪ ಬೆಳಗಿಸುವ 1ರಿಂದ 2 ಗಂಟೆ ಮೊದಲು ಅನಿಲವನ್ನು ಆರಂಭಿಸಿ, ದೀಪ ಆರಿಸುವಾಗ ನಿಲ್ಲಿಸಬೇಕು. ಮೀನುಗಳು ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿದ್ದಲ್ಲಿ ಅನಿಲವನ್ನು ತಕ್ಷಣ ನಿಲ್ಲಿಸಿ, ಏರ್ ಪಂಪ್ ಚಾಲನೆ ಮಾಡಬೇಕು.

ಪೋಷಕಾಂಶ: ಮೀನಿನ ಮಲದಿಂದ ಸಾರಜನಕ ಹಾಗೂ ರಂಜಕ ಸ್ವಲ್ಪಮಟ್ಟಿಗೆ ದೊರೆಯುತ್ತವೆ. ಪೊಟ್ಯಾಸಿಯಂ ಮತ್ತು ಕಬ್ಬಿಣವನ್ನು ಅಕ್ವೇರಿಯಂ ಸಸ್ಯಗಳಿಗೆಂದೇ ತಯಾರಾದ ದ್ರವ ಗೊಬ್ಬರದ ಮೂಲಕ ಒದಗಿಸಬೇಕು. ಹೊಲದ ರಾಸಾಯನಿಕ ಗೊಬ್ಬರ ಬಳಸುವುದು ಮೀನುಗಳಿಗೆ ಅಪಾಯಕಾರಿ.

6. ಬೇಸಿಗೆಯ ನಿರ್ವಹಣೆ

ನೀರಿನ ಉಷ್ಣಾಂಶ 22ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವುದು ಸೂಕ್ತ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಅನಿಲದ ಪ್ರಮಾಣ ಕಡಿಮೆಯಾಗಿ ಗಿಡವೂ ಮೀನೂ ಬಳಲುತ್ತವೆ. ತೊಟ್ಟಿಯ ಮುಚ್ಚಳ ತೆಗೆದು, ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಗಾಳಿ ಬೀಸುವಂತೆ ಮಾಡಿದಲ್ಲಿ ಉಷ್ಣಾಂಶ ಕೆಲವು ಡಿಗ್ರಿ ಇಳಿಯುತ್ತದೆ. ಆವಿಯಾದಾಗ ನೀರು ಮಾತ್ರ ಹೋಗಿ ಲವಣಗಳು ಉಳಿಯುವುದರಿಂದ, ಕಡಿಮೆಯಾದ ಪ್ರಮಾಣವನ್ನು ಆರ್.ಓ. ಅಥವಾ ಮಳೆನೀರಿನಿಂದಲೇ ತುಂಬಬೇಕು.

7. ತೊಂದರೆಗಳ ಲಕ್ಷಣಗಳು

- ಹೊಸ ಎಲೆ ಬಿಳಿಚಿಕೊಂಡು ನರಗಳು ಮಾತ್ರ ಎದ್ದು ಕಾಣುವುದು: ಕಬ್ಬಿಣದ ಕೊರತೆ.
- ಕೆಳಗಿನ ಹಳೆಯ ಎಲೆಗಳು ಹಳದಿಯಾಗುವುದು: ಸಾರಜನಕದ ಕೊರತೆ.
- ಹಳೆಯ ಎಲೆಗಳಲ್ಲಿ ಸಣ್ಣ ರಂಧ್ರಗಳು: ಪೊಟ್ಯಾಸಿಯಂ ಕೊರತೆ ಅಥವಾ ಬಸವನಹುಳುವಿನ ಕಾಟ.
- ಬುಡದ ಎಲೆಗಳು ಮಾತ್ರ ಉದುರುವುದು: ಬೆಳಕಿನ ಕೊರತೆ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾದು, ಹೊಸ ಎಲೆಗಳನ್ನು ಗಮನಿಸಬೇಕು. ಹಾಳಾದ ಹಳೆಯ ಎಲೆ ಸರಿಹೋಗುವುದಿಲ್ಲ.

8. ಸಾರ್ವಜನಿಕರ ಗಮನಕ್ಕೆ

(ಅ) ಆರೋಗ್ಯವಂತ ಗಿಡದ ತುದಿಯನ್ನು 8ರಿಂದ 10 ಸೆಂ.ಮೀ. ಕತ್ತರಿಸಿ ನೆಟ್ಟಲ್ಲಿ ಹೊಸ ಗಿಡವಾಗುತ್ತದೆ. ಉಳಿದ ಬುಡವೂ ಕವಲೊಡೆಯುತ್ತದೆ. ಇಷ್ಟು ಸುಲಭವಾಗಿ ಹೆಚ್ಚಿಸಬಹುದಾದ ಸಸ್ಯವನ್ನು ಪಶ್ಚಿಮ ಘಟ್ಟದ ಹಳ್ಳತೊರೆಗಳಿಂದ ಕಿತ್ತು ತರುವ ಅಗತ್ಯವಿಲ್ಲ. ಮೀಸಲು ಅರಣ್ಯ, ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಸಸ್ಯಗಳನ್ನು ತೆಗೆಯುವುದು ಕಾನೂನುಬಾಹಿರ. ನರ್ಸರಿಯಲ್ಲಿ ಬೆಳೆದ ಅಥವಾ ಅಂಗಾಂಶ ಕೃಷಿಯ ಗಿಡಗಳನ್ನೇ ಖರೀದಿಸಬೇಕು.

(ಆ) ಹೊರದೇಶದಿಂದ ಜೀವಂತ ಸಸ್ಯಗಳನ್ನು ತರಿಸುವವರು 2003ರ ಸಸ್ಯ ಸಂಗರೋಧ ಆದೇಶದನ್ವಯ ಆಮದು ಪರವಾನಗಿ ಹಾಗೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಹೊಂದಿರಬೇಕು.

(ಇ) ಕತ್ತರಿಸಿದ ಚೂರುಗಳನ್ನು ಕೆರೆ, ಕಾಲುವೆ, ಚರಂಡಿಗಳಿಗೆ ಎಸೆಯಬಾರದು. ಅಮೆರಿಕ ಖಂಡಗಳ ಅಕ್ವೇರಿಯಂ ಸಸ್ಯವಾದ ಕಬೊಂಬಾ ಈಗ ಕೇರಳದ ಜಲಮೂಲಗಳಲ್ಲಿ ಕಳೆಯಾಗಿ ಹಬ್ಬಿದೆ. ಚೂರುಗಳನ್ನು ಬಿಸಿಲಿನಲ್ಲಿ ಪೂರ್ಣ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕುವುದು ಸುರಕ್ಷಿತ.

(ಈ) ಮೃದು ನೀರು ಅಥವಾ ಅನಿಲದ ವ್ಯವಸ್ಥೆ ಸಾಧ್ಯವಿಲ್ಲದವರು ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾದಂತಹ ಗಡಸು ನೀರಿಗೂ ಹೊಂದಿಕೊಳ್ಳುವ ಸಸ್ಯಗಳಿಂದ ಆರಂಭಿಸುವುದು ಸೂಕ್ತ. ಇದರಿಂದ ಅನಗತ್ಯ ವೆಚ್ಚ ತಪ್ಪುವುದಲ್ಲದೆ ಮೀನುಗಳಿಗೂ ಆಶ್ರಯ ದೊರೆಯುತ್ತದೆ.

ಅಲಂಕಾರಿಕ ಮೀನು ಸಾಕಣೆಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.