ಕೊಡುವ ಸಾಲ, ತರುವ ಸಾಲ



ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆಯಿಂದ ಬಂದಿದ್ದ ನನ್ನ ವಿದ್ಯಾರ್ಥಿಯೊಬ್ಬನು ಕಾಲೇಜಿನ ಶುಲ್ಕದಲ್ಲಿ ರಿಯಾಯಿತಿ ಬೇಡಿ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಂಡನು. ಅದು ಮಳೆಯನ್ನೇ ನೆಚ್ಚಿದ ಸೀಮೆ. ಬಿತ್ತನೆಯ ಬೀಜಕ್ಕಾಗಿ ತನ್ನ ತಂದೆಯವರು ಸಾಲಮಾಡಿರುವರೆಂದು ತಿಳಿಸುವುದು ಅವನ ಉದ್ದೇಶ. ಆದರೆ ‘ಬಾರೋಡ್’ ಎಂದಿರಬೇಕಾದೆಡೆಯಲ್ಲಿ ‘ಲೆಂಟ್’ ಎಂದು ಬರೆದುಬಿಟ್ಟನು. ಊರಿಗೆ ಸಾಲ ಕೊಡುವಷ್ಟು ಅನುಕೂಲವಂತರ ಮಗನಿಗೆ ರಿಯಾಯಿತಿಯೇಕೆಂದು ಕಚೇರಿಯವರು ಅರ್ಜಿಯನ್ನು ತಳ್ಳಿಹಾಕಿದರು.

ಹುಡುಗನನ್ನು ದಡ್ಡನೆನ್ನುವುದು ಸುಲಭ. ತಪ್ಪು ನಮ್ಮಂಥ ಉಪಾಧ್ಯಾಯರದು. ‘ಬಾರೋ’ ಎಂದರೂ ಸಾಲ, ‘ಲೆಂಡ್’ ಎಂದರೂ ಸಾಲ ಎಂದು ಒಂದೊಂದೇ ಮಾತಿನ ಅರ್ಥ ಬರೆಯಿಸಿ ಮುಂದೆ ಸಾಗುತ್ತೇವೆ. ಕನ್ನಡದಲ್ಲಿ ಸಾಲವೆಂಬ ಹೆಸರು ಒಂದೇ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ಕೊಡು, ತರು ಎಂಬ ಕ್ರಿಯಾಪದಗಳು ಹೇಳುತ್ತವೆ. ಇಂಗ್ಲಿಷಿನಲ್ಲಾದರೋ ಆ ದಿಕ್ಕು ಪದದೊಳಗೇ ಅಡಗಿದೆ. ‘ಬಾರೋ’ ಎಂಬುದಕ್ಕೆ ಹಳೆಯ ಇಂಗ್ಲಿಷಿನ ಒತ್ತೆ, ಹೊಣೆ ಎಂಬರ್ಥದ ಪದದೊಡನೆ ನಂಟುಂಟು. ಆದಕಾರಣ ಅದು ಹೊಣೆಹೊತ್ತು ತರುವವನ ಮಾತು. ‘ಲೆಂಡ್’ ಎಂಬುದು ಕೊಡುವವನ ಮಾತು.

ಇಂಗ್ಲಿಷೇ ಹೆಚ್ಚು ಸೂಕ್ಷ್ಮವೆಂದು ಯಾರೂ ಭಾವಿಸಬೇಕಾಗಿಲ್ಲ. ನೆರೆಮನೆಯಿಂದ ಕುಡುಗೋಲು ತಂದರೆ ಎರವಲು. ಅದೇ ಕುಡುಗೋಲನ್ನು ಹಿಂದಿರುಗಿಸಬೇಕು. ಒಂದು ಸೇರು ರಾಗಿಹಿಟ್ಟು ತಂದರೆ ಕಡ. ಬೇರೆ ಹಿಟ್ಟನ್ನು ಅಳೆದುಕೊಟ್ಟರೆ ಸಾಕು. ಪತ್ರವಿಲ್ಲದೆ, ಬಡ್ಡಿಯಿಲ್ಲದೆ ನಂಬುಗೆಯ ಮೇಲೆ ತಂದ ಹಣ ಕೈಗಡ. ಇವೆಲ್ಲಕ್ಕೂ ಇಂಗ್ಲಿಷಿನವರು ‘ಬಾರೋ’ ಒಂದನ್ನೇ ಬಳಸಿ ತೃಪ್ತರಾಗಿದ್ದಾರೆ.

ನೆರಳಿನ ವಿಷಯವೂ ಇಂತಹುದೇ. ಹುಣಿಸೆಯ ಮರದಡಿ ದಣಿವಾರಿಸಿಕೊಳ್ಳುವ ತಂಪಾದ ಎಡೆ ‘ಶೇಡ್’. ಸಂಜೆಯ ಬಿಸಿಲಿನಲ್ಲಿ ನಮ್ಮ ಆಕಾರವನ್ನು ತಾಳಿ ನೆಲದ ಮೇಲೆ ಉದ್ದವಾಗಿ ಬೀಳುವುದು ‘ಷ್ಯಾಡೋ’. ವಿನೋದವೆಂದರೆ, ಇವೆರಡೂ ಹಳೆಯ ಇಂಗ್ಲಿಷಿನ ಒಂದೇ ಪದದ ಬೇರೆಬೇರೆ ವಿಭಕ್ತಿರೂಪಗಳಿಂದ ಹುಟ್ಟಿದವು!

‘ಕೇಳು’ ಎಂಬುದಂತೂ ತಮಗೆ ಹತ್ತಿರದ ಮಾತು. ನೆರೆಯವರ ರೇಡಿಯೋ ತಾನಾಗಿ ಕಿವಿಗೆ ಬಿದ್ದರೆ ‘ಹಿಯರ್’. ಕಿವಿಗೊಟ್ಟು ಕೇಳಿದರೆ ‘ಲಿಸನ್’. ತಾವು ಈಗ ಮಾಡುತ್ತಿರುವುದು ಎರಡನೆಯದೆಂದು ನಂಬಿದ್ದೇನೆ.

ಸೊಕ್ಕೆಯ ಹುಡುಗನು ಒಂದೇ ಪದವನ್ನು ತಿದ್ದಿ ಅರ್ಜಿಯನ್ನು ಮತ್ತೆ ಸಲ್ಲಿಸಿದನು; ರಿಯಾಯಿತಿಯೂ ಮಂಜೂರಾಯಿತು. ಅಷ್ಟರಲ್ಲಿ ಅವನ ತಂದೆಯವರು ಕೈಗಡ ತಂದು ಆ ಅವಧಿಯ ಶುಲ್ಕವನ್ನು ಕಟ್ಟಿಯಾಗಿತ್ತು.