ಅಕ್ಷರದ ತಪ್ಪು, ಗುರುತಿನ ತಪ್ಪು: ಜೀವಕೋಶದ ಮುಪ್ಪನ್ನು ಪಾಠ ಮಾಡುವಾಗ

ಕಳೆದ ಅಭ್ಯಾಸ ಬೋಧನೆಯಲ್ಲಿ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ನಡೆಯುತ್ತಿತ್ತು. “ಡಿಎನ್‌ಎ ಹಾಳಾಗುವುದರಿಂದ ಮುಪ್ಪು ಬರುತ್ತದೆ” ಎಂದು ಪ್ರಶಿಕ್ಷಣಾರ್ಥಿ ಹೇಳಿದೊಡನೆ ಹುಡುಗಿಯೊಬ್ಬಳು ಎದ್ದು, “ಅದನ್ನು ರಿಪೇರಿ ಮಾಡಿದರೆ ನಮ್ಮಜ್ಜಿಗೆ ಮತ್ತೆ ಕಣ್ಣು ಕಾಣುತ್ತಾ, ಮೇಡಂ?” ಎಂದಳು. “ಅದನ್ನೆಲ್ಲ ಪಿಯುಸಿಯಲ್ಲಿ ಓದುತ್ತೀಯ” ಎಂಬ ಉತ್ತರ ಬಂತು. ವೀಕ್ಷಣಾ ಪುಸ್ತಕದಲ್ಲಿ ನಾನು ಆ ಉತ್ತರದ ಕೆಳಗೆ ಗೆರೆ ಎಳೆದೆ.

ಉತ್ತರಿಸಲು ಎರಡು ಬಗೆಯ ಹಾನಿಯನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಅಕ್ಷರದ ತಪ್ಪು. ಕೋಶದೊಳಗಿನ ನೀರಿನಿಂದಲೇ ಸೈಟೋಸಿನ್ ಆಗಾಗ ಯುರಾಸಿಲ್ ಆಗಿಬಿಡುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಅಕ್ಕಪಕ್ಕದ ಥೈಮಿನ್‌ಗಳನ್ನು ಬೆಸೆಯುತ್ತದೆ. ಪ್ರತಿ ಕೋಶಕ್ಕೂ ದಿನಕ್ಕೆ ಸಾವಿರಾರು ಇಂಥ ಪೆಟ್ಟು. ಒಂದು ಕಿಣ್ವ ಯುರಾಸಿಲನ್ನು ಕಿತ್ತೆಸೆದರೆ, ಇನ್ನೊಂದು ಎದುರಿನ ಎಳೆಯನ್ನು ನೋಡಿ ಸರಿಯಾದ ಅಕ್ಷರ ತುಂಬುತ್ತದೆ. ಕಪ್ಪುಹಲಗೆಯ ಮೇಲೆ ಎರಡೂ ಎಳೆ ಬರೆದು ಒಂದು ಅಕ್ಷರ ಒರೆಸಿ ನೋಡಿ. ಎದುರಿನ ‘ಜಿ’ ನೋಡಿ ಮಕ್ಕಳೇ ‘ಸಿ’ ಎನ್ನುತ್ತಾರೆ. ಇದನ್ನು ಬಿಡಿಸಿ ತೋರಿಸಿದ ಲಿಂಡಾಲ್, ಮೋಡ್ರಿಚ್, ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ದುರಸ್ತಿಗೆ ಮುಂಚೆಯೇ ಕೋಶ ವಿಭಜನೆಯಾದರೆ ಎರಡೂ ಎಳೆಯಲ್ಲಿ ತಪ್ಪೇ ಕೂರುತ್ತದೆ. ಆಮೇಲೆ ಅದು ತಪ್ಪೆಂದು ಯಾವ ಕಿಣ್ವಕ್ಕೂ ಗೊತ್ತಾಗುವುದಿಲ್ಲ.

ಇನ್ನೊಂದು ಗುರುತಿನ ತಪ್ಪು. ಚರ್ಮದ ಕೋಶಕ್ಕೂ ನರಕೋಶಕ್ಕೂ ಪಠ್ಯಪುಸ್ತಕ ಒಂದೇ. ಯಾವ ಪಾಠ ಓದಬೇಕು, ಯಾವುದನ್ನು ಬಿಡಬೇಕು ಎಂಬ ಪೆನ್ಸಿಲ್ ಗುರುತು ಬೇರೆ. ಡಿಎನ್‌ಎಗೆ ಅಂಟುವ ಮೀಥೈಲ್ ಗುಂಪುಗಳು ಇಂಥ ಗುರುತು. ವಯಸ್ಸಾದಂತೆ ಇವು ಬದಲಾಗುತ್ತವೆ. 2013ರಲ್ಲಿ ಸ್ಟೀವ್ ಹೊರ್ವಾತ್ ಇಂಥ 353 ತಾಣಗಳನ್ನು ನೋಡಿ ವಯಸ್ಸನ್ನು ಅಂದಾಜಿಸಿದರು. (ಗಡಿಯಾರ ಹೊತ್ತು ತೋರಿಸುತ್ತದೆ, ಹೊತ್ತು ಮುಳುಗಿಸುವುದಿಲ್ಲ, ಈ ಎಚ್ಚರವನ್ನು ಮಕ್ಕಳಿಗೂ ಹೇಳಿ.)

ಅಕ್ಷರ ಕೆಡದಿದ್ದರೆ ಗುರುತನ್ನು ತಿದ್ದಬಹುದಲ್ಲವೇ? 2006ರಲ್ಲಿ ಯಮನಾಕ ಇಲಿಯ ಚರ್ಮದ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅವನ್ನು ಭ್ರೂಣದ ಕೋಶದಂತಾಗಿಸಿದರು. ಪೂರ್ತಿ ಅಳಿಸಿದರೆ ಕೋಶಕ್ಕೆ ತಾನು ಯಾರೆಂಬುದೇ ಮರೆಯುತ್ತದೆ. ದೇಹದೊಳಗೆ ಹಾಗಾದರೆ ಗಡ್ಡೆ ಬೆಳೆಯಬಹುದು. ಹಾಗಾಗಿ 2020ರಲ್ಲಿ ಹಾರ್ವರ್ಡ್ ತಂಡವೊಂದು ಮೂರನ್ನೇ ಬಳಸಿತು. ವಯಸ್ಸಾದ ಇಲಿಗಳ ದೃಷ್ಟಿ ಸುಧಾರಿಸಿತು.

ಮರುದಿನ ಪ್ರಶಿಕ್ಷಣಾರ್ಥಿ ಆ ಹುಡುಗಿಗೆ ಹೇಳಿದ್ದು ಇಷ್ಟು: “ಇಲಿಯ ಕಣ್ಣಿನಲ್ಲಿ ಆಗಿದೆ. ಅಜ್ಜಿಗೆ ಕೊಡುವಂಥ ಔಷಧಿ ಇನ್ನೂ ಆಗಿಲ್ಲ. ಪೊರೆ ಬಂದಿದ್ದರೆ ಆಪರೇಷನ್ ಇದೆ, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ.”